ಇನ್ಸುಲಿನ್ ಶುರುವಾದ ಮೇಲೂ ಅಮ್ಮನ ಶುಗರ್ ಇಳಿಯುತ್ತಿಲ್ಲ, ಮಾತ್ರೆ ಬೇರೆ ಮುಂದುವರಿಸಿದ್ದಾರೆ

ತಿಪಟೂರು_ತೆಂಗು:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ, ಶುಗರ್ ಬಂದು 12 ವರ್ಷ ಆಯ್ತು. ಇಷ್ಟು ದಿನ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಸ್ಟ್ರಿಪ್ ಮೇಲೆ ಗ್ಲಿಮಿಪಿರೈಡ್ 2, ಮೆಟ್‌ಫಾರ್ಮಿನ್ 500, ವೊಗ್ಲಿಬೋಸ್ 0.2 ಅಂತ ಇದೆ. ಒಂದೂವರೆ ತಿಂಗಳ ಹಿಂದೆ ಡಾಕ್ಟರು ಇನ್ಸುಲಿನ್ ಶುರು ಮಾಡಿದರು, 30/70 ಅಂತಾರಲ್ಲ ಆ ಬಾಟಲಿ. ಮೊದಲು ಬೆಳಿಗ್ಗೆ 12 ಯೂನಿಟ್, ರಾತ್ರಿ 6. ಇಳಿಯಲಿಲ್ಲ ಅಂತ 16, 8 ಮಾಡಿದರು. ಈಗ 20, 10. ಆದರೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 230ಕ್ಕೆ ಕಮ್ಮಿ ಬರುತ್ತಿಲ್ಲ.

ಇನ್ಸುಲಿನ್ ಕೊಟ್ಟ ಮೇಲೆ ಮಾತ್ರೆ ಯಾಕೆ ಬೇಕು? ಅದು ಗೊತ್ತಾಗುತ್ತಿಲ್ಲ. ಪಕ್ಕದ ಮನೆಯವರು ಬೇರೆ "ಇನ್ಸುಲಿನ್ ಅಂದ್ರೆ ಕೊನೆ ಸ್ಟೇಜು, ಕಿಡ್ನಿ ಹೋಗುತ್ತೆ" ಅಂತ ಹೇಳಿ ಅಮ್ಮನ ತಲೆ ಕೆಡಿಸಿದ್ದಾರೆ. ಎರಡು ವರ್ಷದ ಹಿಂದೆ ಏಕಾದಶಿ ದಿನ ಊಟ ಬಿಟ್ಟರೂ ಮಾತ್ರೆ ಬಿಡಬಾರದು ಅಂತ ನುಂಗಿ ಕೂತಿದ್ದರು, ಹನ್ನೊಂದು ಗಂಟೆಗೆ ಮೈಯೆಲ್ಲ ಬೆವರು, ಕೈ ನಡುಕ, ನೋಡಿದರೆ ಶುಗರ್ 58ಕ್ಕೆ ಇಳಿದಿತ್ತು. ಮಾತ್ರೆಗೇ ಹಂಗಾಯ್ತು, ಸೂಜಿಗೆ ಏನಾಗುತ್ತೋ ಅಂತ ಭಯ ಅವರಿಗೆ.

ಕೌಂಟರ್_ಹಿಂದೆ:

ನಾನು ಡಾಕ್ಟರ್ ಅಲ್ಲ, ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತು ಇಪ್ಪತ್ತು ವರ್ಷ ಆಯ್ತು, ಫಾರ್ಮಸಿ ಓದಿದವನು.

ಅದು ನೋಡೋಕೆ ಒಂದು ಮಾತ್ರೆ, ಒಳಗೆ ಮೂವರು ಇದ್ದಾರೆ. ಮೂವರ ಕೆಲಸವೂ ಬೇರೆ. ಗ್ಲಿಮಿಪಿರೈಡ್ ಪ್ಯಾಂಕ್ರಿಯಾಸ್‌ನಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಕ್ಕೆ ಹೋಗಿ ಅಲ್ಲಿ ಪೊಟ್ಯಾಸಿಯಂ ಹೊರಹೋಗುವ ಬಾಗಿಲು ಮುಚ್ಚುತ್ತದೆ, ಆಗ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಇನ್ಸುಲಿನ್ ಹೊರಗೆ ಬೀಳುತ್ತದೆ. ನೀವು ಉಂಡಿದ್ದೀರೋ ಬಿಟ್ಟಿದ್ದೀರೋ ಅದು ಕೇಳುವುದಿಲ್ಲ. ನಿಮ್ಮಮ್ಮನಿಗೆ ಏಕಾದಶಿ ದಿನ ಆಗಿದ್ದು ಇದೇ. ಉಪವಾಸ ಮಾಡುವುದಿದ್ದರೆ ಮಾತ್ರೆ ಏನು ಮಾಡಬೇಕು ಅಂತ ಮೊದಲೇ ಕೇಳಿಕೊಳ್ಳಬೇಕು.

ಮೆಟ್‌ಫಾರ್ಮಿನ್ ಹೋಗುವುದು ಲಿವರ್‌ಗೆ. ರಾತ್ರಿ ನಾವು ಮಲಗಿದ್ದಾಗ ಲಿವರ್ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ರಾತ್ರಿ ಎರಡೇ ಚಪಾತಿ ತಿಂದೆ, ಬೆಳಿಗ್ಗೆ 200 ಹೆಂಗೆ ಬಂತು ಅಂತ ಎಷ್ಟು ಜನ ಬಂದು ಕೇಳುತ್ತಾರೆ ಗೊತ್ತಾ? ಉತ್ತರ ಲಿವರ್. ಅದಕ್ಕೆ ಮೆಟ್‌ಫಾರ್ಮಿನ್ ಕಡಿವಾಣ ಹಾಕುತ್ತದೆ. ಇನ್ಸುಲಿನ್ ಹಿಂಡುವುದಿಲ್ಲ, ಹಾಗಾಗಿ ಅದೊಂದರಿಂದಲೇ ಲೋ ಆಗುವುದು, ಅಂದರೆ ಶುಗರ್ ತೀರಾ ಇಳಿಯುವುದು, ಬಹಳ ಅಪರೂಪ. ವರ್ಷಗಟ್ಟಲೆ ತಗೊಂಡರೆ ವಿಟಮಿನ್ ಬಿ12 ಕಮ್ಮಿ ಆಗಬಹುದು, ಕಾಲು ಜೋಮು ಅಂದರೆ ಒಮ್ಮೆ ಪರೀಕ್ಷೆ ಮಾಡಿಸಿ. ವೊಗ್ಲಿಬೋಸ್ ಕರುಳಲ್ಲಿ ಪಿಷ್ಟ, ಸಕ್ಕರೆ ಒಡೆಯುವುದನ್ನು ನಿಧಾನ ಮಾಡುತ್ತದೆ, ಊಟದ ಜೊತೆಗೇ ಹೋಗಬೇಕು, ಹೊಟ್ಟೆಯಲ್ಲಿ ಗುಡುಗುಡು ಅದರ ಕೊಡುಗೆ.

ಹನ್ನೆರಡು ವರ್ಷ ಆದ ಮೇಲೆ ಬೀಟಾ ಕೋಶ ಸೋತಿರುತ್ತದೆ. ಗ್ಲಿಮಿಪಿರೈಡ್ ಎಷ್ಟು ಕೊಟ್ಟರೂ ಬತ್ತಿದ ಹಸುವಿನ ಕೆಚ್ಚಲು ಹಿಂಡಿದ ಹಾಗೆ. ಅದಕ್ಕೇ ಹೊರಗಿನಿಂದ ಇನ್ಸುಲಿನ್. ಮೆಟ್‌ಫಾರ್ಮಿನ್ ಜೊತೆಗಿದ್ದರೆ ಇನ್ಸುಲಿನ್ ಕಮ್ಮಿ ಸಾಕಾಗುತ್ತದೆ, ತೂಕವೂ ಅಷ್ಟು ಏರುವುದಿಲ್ಲ. ಆದರೆ ಎರಡು ಹೊತ್ತು ಇನ್ಸುಲಿನ್ ಕೊಡುವಾಗ ಗ್ಲಿಮಿಪಿರೈಡ್ ಇನ್ನೂ ಬೇಕಾ ಅಂತ ಡಾಕ್ಟರನ್ನು ಕೇಳಿ. ಬಹಳ ಜನ ಡಾಕ್ಟರು ಕಮ್ಮಿ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ.

ಕಿಡ್ನಿ ವಿಷಯ ಪೂರ್ತಿ ಉಲ್ಟಾ. ಕಿಡ್ನಿ ಹಾಳು ಮಾಡುವುದು ವರ್ಷಗಟ್ಟಲೆ ಏರಿ ಕೂತ ಶುಗರ್. ಕಿಡ್ನಿ ತೀರಾ ಸೋತಾಗ ಮೆಟ್‌ಫಾರ್ಮಿನ್ ಕೊಡುವ ಹಾಗಿಲ್ಲ, ಆಗ ಇನ್ಸುಲಿನ್‌ಗೆ ಬದಲಾಯಿಸುತ್ತಾರೆ. ನೋಡಿದವರು ಇನ್ಸುಲಿನ್‌ನಿಂದಲೇ ಕಿಡ್ನಿ ಹೋಯ್ತು ಅಂದುಕೊಳ್ಳುತ್ತಾರೆ.

ಮೆಂತ್ಯ_ಮಹಿಮೆ:

ಇದೆಲ್ಲ ಕಂಪನಿಯವರ ಆಟ. ಬೆಳಿಗ್ಗೆ ಹಾಗಲಕಾಯಿ ರಸ ಕುಡಿಸಿ, ಸೂಜಿ ನಿಲ್ಲಿಸಿ, ಒಂದು ತಿಂಗಳಲ್ಲಿ ನೋಡಿ.

ಹಳೇ_ಗಿರಾಕಿ:

@ಮೆಂತ್ಯ_ಮಹಿಮೆ ಹಾಗಲಕಾಯಿ ನಾನೂ ತಿನ್ನುತ್ತೇನೆ ಸ್ವಾಮಿ, ಪಲ್ಯ ಮಾಡಿ. ಸೂಜಿ ನಿಲ್ಲಿಸಿ ಅಂತ ಮಾತ್ರ ಬರೆಯಬೇಡಿ, ಯಾರಾದರೂ ನಂಬಿಬಿಡುತ್ತಾರೆ.

@ತಿಪಟೂರು_ತೆಂಗು ಒಂದು ಕೇಳುತ್ತೇನೆ, ಸಿರಿಂಜ್ ಮುಚ್ಚಳ ಯಾವ ಬಣ್ಣ? ಕೆಂಪಾ, ಕಿತ್ತಳೆಯಾ?

ಯಾಕೆ ಅಂದರೆ ನನಗೆ ಒಮ್ಮೆ ಆಗಿದೆ. ಮದುವೆಗೆ ಅಂತ ಬೇರೆ ಊರಿಗೆ ಹೋಗಿದ್ದೆ, ಸಿರಿಂಜ್ ಮನೆಯಲ್ಲೇ ಮರೆತೆ. ಅಲ್ಲಿನ ಒಂದು ಅಂಗಡಿಯಲ್ಲಿ ಇನ್ಸುಲಿನ್ ಸಿರಿಂಜ್ ಕೊಡಿ ಅಂದೆ, ಕೊಟ್ಟರು, ನಾನೂ ನೋಡಲಿಲ್ಲ. ನಾಲ್ಕು ದಿನ 300ರ ಮೇಲೆ. ಮದುವೆ ಮನೆ ಹೋಳಿಗೆ ಅಂದುಕೊಂಡು ಸುಮ್ನೆ ಇದ್ದೆ.

ನಮ್ಮಲ್ಲಿ ಸಿಗುವ ಬಾಟಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು 0.2 ಎಂಎಲ್, ಅಂದರೆ ಮೈಗೆ ಹೋಗುವುದು ಬರೀ 8 ಯೂನಿಟ್.

ವಾರ್ಡ್_ನಂ_6:

ಸ್ಟಾಫ್ ನರ್ಸ್ ನಾನು. ಮೇಲಿನವರು ಕೇಳಿದ್ದನ್ನೇ ಮೊದಲು ನೋಡಿ. ಅದು ಸರಿ ಇದ್ದರೆ ಚುಚ್ಚುವ ಜಾಗ ಕೈಯಲ್ಲಿ ಸವರಿ ನೋಡಿ. ನೋವಾಗಲ್ಲ ಅಂತ ದಿನಾ ಹೊಕ್ಕಳ ಪಕ್ಕ ಒಂದೇ ಕಡೆ ಚುಚ್ಚಿದರೆ ಅಲ್ಲಿ ಮೆತ್ತಗೆ ಗಡ್ಡೆ ಕಟ್ಟುತ್ತದೆ, ಅದರೊಳಗೆ ಹಾಕಿದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. 30/70 ಅಂದರೆ 30 ಭಾಗ ಬೇಗ ಕೆಲಸ ಮಾಡುವುದು, 70 ಭಾಗ ನಿಧಾನದ್ದು. ನಿಧಾನದ್ದು ತಳಕ್ಕೆ ಇಳಿದಿರುತ್ತದೆ. ಎರಡು ಅಂಗೈ ನಡುವೆ ಬಾಟಲಿ ಇಟ್ಟು, ಪೂರ್ತಿ ಹಾಲಿನ ಹಾಗೆ ಆಗುವವರೆಗೆ ಮೆಲ್ಲಗೆ ಉರುಳಿಸಬೇಕು, ಕುಲುಕಬಾರದು. ಊಟಕ್ಕೆ ಅರ್ಧ ಗಂಟೆ ಮೊದಲು. ಫ್ರಿಜ್‌ನಲ್ಲಿ ಫ್ರೀಜರ್‌ಗೆ ಅಂಟಿಸಿ ಇಡಬೇಡಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯುವುದೇ.

ಇನ್ನೊಂದು. ಮಾತ್ರೆಯಲ್ಲಿ ವೊಗ್ಲಿಬೋಸ್ ಇದೆಯಲ್ಲ, ಲೋ ಆದಾಗ ಸಕ್ಕರೆ ನೀರು ಕೊಟ್ಟರೆ ನಿಧಾನ ಆಗುತ್ತದೆ, ಸಕ್ಕರೆ ಒಡೆಯುವ ಕೆಲಸವನ್ನೇ ಅದು ತಡೆದಿರುತ್ತದೆ. ಗ್ಲುಕೋಸ್ ಪುಡಿ ಮನೆಯಲ್ಲಿ ಇಟ್ಟಿರಿ. 15 ಗ್ರಾಂ ನೀರಲ್ಲಿ ಕಲಸಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

ತಿಪಟೂರು_ತೆಂಗು:

ಈಗ ಎದ್ದು ಹೋಗಿ ನೋಡಿದೆ. ಬಾಟಲಿ ಮೇಲೆ 40. ಸಿರಿಂಜ್ ಮುಚ್ಚಳ ಕಿತ್ತಳೆ. ಒಂದೂವರೆ ತಿಂಗಳಿಂದ ನಾನೇ ಚುಚ್ಚುತ್ತಿದ್ದೇನೆ. ಇವತ್ತು ರಾತ್ರಿಯಿಂದಲೇ ಕೆಂಪು ತಂದು 10 ಕೊಡುತ್ತೇನೆ.

ವಾರ್ಡ್_ನಂ_6:

ತಡೀರಿ! ಹಂಗೆ ಮಾಡಬೇಡಿ. ಇಷ್ಟು ದಿನ ಅವರಿಗೆ ಹೋಗುತ್ತಿದ್ದುದು 8 ಮತ್ತು 4. ಡಾಕ್ಟರು 20, 10ಕ್ಕೆ ಏರಿಸಿದ್ದೇ ಇಳಿಯಲಿಲ್ಲ ಅಂತ. ಈಗ ಸರಿಯಾದ ಸಿರಿಂಜ್‌ನಲ್ಲಿ ಅಷ್ಟೇ ಗೆರೆ ಎಳೆದರೆ ಒಂದೇ ಸಲಕ್ಕೆ ಎರಡೂವರೆ ಪಟ್ಟು ಜಾಸ್ತಿ ಹೋಗುತ್ತದೆ, ಮೇಲೆ ಗ್ಲಿಮಿಪಿರೈಡ್ ಬೇರೆ. ಮಧ್ಯರಾತ್ರಿ ಲೋ ಆದರೆ ಗೊತ್ತೂ ಆಗಲ್ಲ. ಮೊದಲು ಡಾಕ್ಟರಿಗೆ ಫೋನ್ ಮಾಡಿ, ಸಿರಿಂಜ್ ವಿಷಯ ಬಿಡಿಸಿ ಹೇಳಿ, ಆಮೇಲೆ ಸೂಜಿ.

ತಿಪಟೂರು_ತೆಂಗು:

ಫೋನ್ ಮಾಡಿದೆ. ಡಾಕ್ಟರು ಒಂದು ನಿಮಿಷ ಮಾತೇ ಆಡಲಿಲ್ಲ, ಆಮೇಲೆ "ಮುಚ್ಚಳದ ಬಣ್ಣ ನಾನೂ ಕೇಳಬೇಕಿತ್ತು" ಅಂದರು. ಕೆಂಪು ಸಿರಿಂಜ್‌ನಲ್ಲಿ ಮತ್ತೆ 12, 6ರಿಂದ ಶುರು, ಹಳೇ ಮಾತ್ರೆ ನಿಲ್ಲಿಸಿ ಮೆಟ್‌ಫಾರ್ಮಿನ್ ಒಂದೇ ಬರೆದಿದ್ದಾರೆ. ದಿನಾ ಬೆಳಿಗ್ಗೆ, ರಾತ್ರಿ ಊಟಕ್ಕೆ ಮುಂಚೆ ಚೆಕ್ ಮಾಡಿ ಬರೆದಿಡಬೇಕಂತೆ, ಒಂದು ವಾರ ಬಿಟ್ಟು ಬನ್ನಿ ಅಂದರು.

ಅಮ್ಮ ಪಕ್ಕದಲ್ಲೇ ಕೂತು ಕೇಳುತ್ತಿದ್ದಾರೆ, ಕಿತ್ತಳೆದು ಇನ್ನೂ ಹದಿನಾಲ್ಕು ಉಳಿದಿದೆಯಲ್ಲ, ಅಂಗಡಿಯವನು ವಾಪಸ್ ತಗೊಳ್ಳುತ್ತಾನಾ ಅಂತ.