ಒಂದಕ್ಷರ ತಿದ್ದಿದ್ದಕ್ಕೆ 2,314 ಸಾಲು ಬದಲಾಗಿದೆ ಅಂತ ತೋರಿಸುತ್ತಿದೆ. ಮೊದಲ ಪುಲ್ ರಿಕ್ವೆಸ್ಟ್, ಸಹಾಯ ಬೇಕು

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಅಂಗಡಿ ಲೆಕ್ಕ ಬರೆಯಲು ಅಪ್ಪ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಬಳಸುತ್ತಾರೆ. ಅದರ ಕನ್ನಡ ಆವೃತ್ತಿಯಲ್ಲಿ ‘ಉಳಿಸು’ ಅಂತ ಇರಬೇಕಾದ ಬಟನ್ ಮೇಲೆ ‘ಅಳಿಸು’ ಅಂತ ಇದೆ. ದಿನದ ಲೆಕ್ಕವೆಲ್ಲ ಬರೆದಾದ ಮೇಲೆ ಆ ಬಟನ್ ಒತ್ತಲು ಅಪ್ಪನಿಗೆ ಪ್ರತಿ ಸಲವೂ ಭಯ. ನಾನೇ ಸರಿಮಾಡೋಣ ಅಂತ ಹೊರಟೆ.

ಅದರ ಕೋಡ್ ಇರುವ ಗಿಟ್‌ಹಬ್ ತಾಣದಲ್ಲಿ ಫೋರ್ಕ್ ಮಾಡಿ (ನನ್ನ ಖಾತೆಗೆ ಒಂದು ಪ್ರತಿ), ಅದನ್ನು ವಿಂಡೋಸ್ ಲ್ಯಾಪ್‌ಟಾಪ್‌ಗೆ ಕ್ಲೋನ್ ಮಾಡಿಕೊಂಡೆ, ಅಂದರೆ ಇಳಿಸಿಕೊಂಡೆ. ಅನುವಾದದ ಸಾಲುಗಳಿರುವ ಕನ್ನಡದ ಪಿಒ ಫೈಲ್ ತೆರೆದು ‘ಅ’ ತೆಗೆದು ‘ಉ’ ಹಾಕಿದೆ. ಅಷ್ಟೇ. ಇದನ್ನು ಸೇರಿಸಿಕೊಳ್ಳಿ ಅಂತ ಯೋಜನೆಯವರಿಗೆ ಕಳಿಸಿದ ಪುಲ್ ರಿಕ್ವೆಸ್ಟ್‌ನಲ್ಲಿ ಈಗ 2,314 ಸಾಲು ಅಳಿಸಿ 2,314 ಸಾಲು ಸೇರಿಸಿದ್ದೇನೆ ಅಂತ ಬರುತ್ತಿದೆ. ಪರಿಶೀಲಿಸುವವರು ‘ಸಂಬಂಧವಿಲ್ಲದ ಬದಲಾವಣೆಗಳನ್ನು ತೆಗೆಯಿರಿ’ ಅಂತ ಒಂದೇ ಸಾಲು ಬರೆದಿದ್ದಾರೆ. ಏನು ತೆಗೆಯಬೇಕು ಅಂತಲೇ ಗೊತ್ತಾಗುತ್ತಿಲ್ಲ. ಇದನ್ನು ಮುಚ್ಚಿ ಹೊಸದು ತೆರೆಯಲೇ?

ಹಳೇಟರ್ಮಿನಲ್:
ಮುಚ್ಚಬೇಡಿ. ಅವರು ಬೇಡ ಅಂದಿಲ್ಲ, ಸರಿಮಾಡಿ ಕೊಡಿ ಅಂದಿದ್ದಾರೆ. ಓಪನ್ ಸೋರ್ಸ್‌ನಲ್ಲಿ ಜಾಸ್ತಿ ಜನ ಬಿಡುವಿನ ವೇಳೆಯಲ್ಲಿ ಪರಿಶೀಲಿಸುತ್ತಾರೆ, ಅದಕ್ಕೇ ಮಾತು ಚುಟುಕು. ಸಿಟ್ಟು ಅಂತ ಅಂದುಕೊಳ್ಳಬೇಡಿ.

ಎರಡು ವಿಷಯ ತಿಳಿಸಿ. ಪುಲ್ ರಿಕ್ವೆಸ್ಟ್‌ನ ‘ಫೈಲ್ಸ್ ಚೇಂಜ್ಡ್’ ಪುಟದಲ್ಲಿ ಗೇರ್ ಗುರುತು ಒತ್ತಿ, ‘ಹೈಡ್ ವೈಟ್‌ಸ್ಪೇಸ್’ ಆರಿಸಿ. ಆಗ ಎಷ್ಟು ಸಾಲು ಕಾಣುತ್ತದೆ? ಇನ್ನೊಂದು, ಫೈಲನ್ನು ಗಿಟ್‌ಹಬ್‌ಗೆ ಹೇಗೆ ಕಳಿಸಿದಿರಿ?

ತುಂಗಾತೀರ:
ಹಾಗೆ ಮಾಡಿದರೆ ನಾನು ತಿದ್ದಿದ ಒಂದೇ ಸಾಲು ಕಾಣುತ್ತದೆ!

ಕಳಿಸಿದ ವಿಷಯ ಮೊದಲೇ ಹೇಳಬೇಕಿತ್ತು. ಲ್ಯಾಪ್‌ಟಾಪ್‌ನಲ್ಲಿ ಕಮಿಟ್ (ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ದಾಖಲಿಸುವುದು) ಸರಿಯಾಗೇ ಆಯಿತು. ಹಳೆಯ ವೀಡಿಯೊ ಒಂದನ್ನು ನೋಡಿ ಅದನ್ನು ಪುಶ್ ಮಾಡುವಾಗ, ಅಂದರೆ ಗಿಟ್‌ಹಬ್‌ಗೆ ಕಳಿಸುವಾಗ, ಪಾಸ್‌ವರ್ಡ್ ಕೊಟ್ಟೆ, ಒಪ್ಪಲಿಲ್ಲ. ಮೂರು ಸಲ ನೋಡಿ, ಕೊನೆಗೆ ಬ್ರೌಸರ್‌ನಲ್ಲೇ ನನ್ನ ಫೋರ್ಕ್ ತೆರೆದು, ‘ಅಪ್‌ಲೋಡ್ ಫೈಲ್ಸ್’ ಒತ್ತಿ, ಅದೇ ಫೈಲನ್ನು ಮೇನ್ ಬ್ರಾಂಚ್‌ಗೆ (ಮುಖ್ಯ ಶಾಖೆಗೆ) ಹಾಕಿದೆ.

ಹಳೇಟರ್ಮಿನಲ್:
ಅಲ್ಲೇ ಆಗಿದ್ದು. ಸಾಲು ಮುಗಿಯಿತು ಅಂತ ಹೇಳಲು ಲಿನಕ್ಸ್ ಒಂದು ಅಕ್ಷರ ಬಳಸುತ್ತದೆ, ವಿಂಡೋಸ್ ಎರಡು ಬಳಸುತ್ತದೆ. ಇವು ಕಣ್ಣಿಗೆ ಕಾಣುವುದಿಲ್ಲ. ವಿಂಡೋಸ್‌ನ ಗಿಟ್ ಇನ್‌ಸ್ಟಾಲ್ ಮಾಡುವಾಗ ಏನೂ ಬದಲಿಸದಿದ್ದರೆ, ಕ್ಲೋನ್ ಮಾಡಿದಾಗ ಪಠ್ಯದ ಫೈಲ್‌ಗಳನ್ನು ವಿಂಡೋಸ್ ರೀತಿಗೆ ತಿರುಗಿಸಿ ಕೊಡುತ್ತದೆ. ಕಮಿಟ್ ಮಾಡುವಾಗ ಮತ್ತೆ ಲಿನಕ್ಸ್ ರೀತಿಗೆ ತರುತ್ತದೆ. ನೀವು ಬ್ರೌಸರ್‌ನಿಂದ ಹಾಕಿದಾಗ ಈ ಎರಡನೇ ಕೆಲಸ ನಡೆಯಲಿಲ್ಲ. ಹಾಗಾಗಿ ಪ್ರತಿ ಸಾಲಿನ ಕೊನೆಗೂ ಒಂದು ಹೆಚ್ಚಿನ ಅಕ್ಷರ ಉಳಿದುಕೊಂಡಿದೆ. ಗಿಟ್‌ಗೆ ಅದು ಬದಲಾವಣೆಯೇ.

ಖುಷಿಯ ವಿಷಯ ಅಂದರೆ, ಸರಿಯಾದ ಕಮಿಟ್ ಈಗಾಗಲೇ ನಿಮ್ಮ ಲ್ಯಾಪ್‌ಟಾಪ್‌ನಲ್ಲಿದೆ. ಮೊದಲು ‘ಗಿಟ್ ಶೋ’ ಬರೆದು, ಜಾಗ ಬಿಟ್ಟು, ಎರಡು ಅಡ್ಡಗೆರೆ ಹಾಕಿ ‘ಸ್ಟ್ಯಾಟ್’ ಸೇರಿಸಿ ನೋಡಿ. ಒಂದು ಫೈಲ್, ಒಂದು ಸಾಲು ಸೇರಿದೆ, ಒಂದು ಸಾಲು ಹೋಗಿದೆ ಅಂತ ಬಂದರೆ ಅದನ್ನೇ ಕಳಿಸಬಹುದು.

ಪಾಸ್‌ವರ್ಡ್ ಒಪ್ಪದಿದ್ದದ್ದು ನಿಮ್ಮ ತಪ್ಪಲ್ಲ. 2021ರ ಆಗಸ್ಟ್ 13ರಿಂದ ಗಿಟ್‌ಹಬ್ ಪುಶ್ ಮಾಡಲು ಖಾತೆಯ ಪಾಸ್‌ವರ್ಡ್ ತೆಗೆದುಕೊಳ್ಳುವುದಿಲ್ಲ. ವೀಡಿಯೊ ಅದಕ್ಕಿಂತ ಹಿಂದಿನದಿರಬೇಕು. ಈಗ ಬ್ರೌಸರ್ ಮೂಲಕ ಸೈನ್ ಇನ್ ಆಗುವ ಕಿಟಕಿ ಬಂದರೆ ಅದನ್ನೇ ಬಳಸಿ. ಬರದಿದ್ದರೆ ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ಪರ್ಸನಲ್ ಆಕ್ಸೆಸ್ ಟೋಕನ್ ಮಾಡಿಕೊಂಡು, ಪಾಸ್‌ವರ್ಡ್ ಜಾಗದಲ್ಲಿ ಕೊಡಿ. ಟೋಕನನ್ನು ಯಾರಿಗೂ ತೋರಿಸಬೇಡಿ, ಸ್ಕ್ರೀನ್‌ಶಾಟ್‌ನಲ್ಲೂ ಬರಬಾರದು.

ಆಮೇಲೆ ‘ಗಿಟ್ ಫೆಚ್’ ಮಾಡಿ, ಫೋರ್ಕ್‌ನಲ್ಲಿ ಈಗ ಏನಿದೆ ಅಂತ ಅದು ತಿಳಿದುಕೊಳ್ಳುತ್ತದೆ, ನಿಮ್ಮ ಫೈಲ್‌ಗಳನ್ನು ಮುಟ್ಟುವುದಿಲ್ಲ. ‘ಗಿಟ್ ಪುಲ್’ ಬೇಡ, ಅದು ಕೆಟ್ಟ ಕಮಿಟನ್ನೂ ಒಳಗೆ ಎಳೆದು ತರುತ್ತದೆ. ಮಾಮೂಲಿ ಪುಶ್ ಈಗ ಒಪ್ಪುವುದಿಲ್ಲ, ಏಕೆಂದರೆ ಫೋರ್ಕ್‌ನಲ್ಲಿ ನೀವು ಅಪ್‌ಲೋಡ್ ಮಾಡಿದ ಕಮಿಟ್ ಇದೆ. ‘ಫೋರ್ಸ್ ವಿತ್ ಲೀಸ್’ ಆಯ್ಕೆ ಕೊಟ್ಟು ಪುಶ್ ಮಾಡಿ, ಆ ಕಮಿಟ್ ಜಾಗದಲ್ಲಿ ನಿಮ್ಮ ಸರಿಯಾದ ಕಮಿಟ್ ಬರುತ್ತದೆ. ಮಧ್ಯದಲ್ಲಿ ಬೇರೆ ಯಾರಾದರೂ ಅಲ್ಲಿ ಏನಾದರೂ ಸೇರಿಸಿದ್ದರೆ ಇದು ನಿಂತುಬಿಡುತ್ತದೆ, ಬರಿಯ ‘ಫೋರ್ಸ್’ ನಿಲ್ಲುವುದಿಲ್ಲ. ಇಂಥದ್ದನ್ನು ನಿಮ್ಮ ಸ್ವಂತ ಫೋರ್ಕ್‌ನಲ್ಲಿ ಮಾತ್ರ ಮಾಡಿ. ಪುಲ್ ರಿಕ್ವೆಸ್ಟ್ ತಾನಾಗಿಯೇ ಹೊಸದಾಗುತ್ತದೆ. ಮುಂದಿನ ಸಲ ಮೇನ್ ಬಿಟ್ಟು ಬೇರೆ ಬ್ರಾಂಚ್‌ನಲ್ಲಿ ಕೆಲಸ ಮಾಡಿ.

ಪದಪ್ರೀತಿ:
ಅನುವಾದ ಮಾಡುವವಳಾಗಿ ಒಂದು ಮಾತು ಸೇರಿಸುತ್ತೇನೆ. ಕೆಲವು ಯೋಜನೆಗಳಲ್ಲಿ ಅನುವಾದದ ಫೈಲನ್ನು ನೇರವಾಗಿ ತಿದ್ದಬಾರದು. ಫೈರ್‌ಫಾಕ್ಸ್ ಅನುವಾದ ಪಾಂಟೂನ್ ಎಂಬ ಅನುವಾದ ತಾಣದಲ್ಲಿ ನಡೆಯುತ್ತದೆ, ಲಿಬ್ರೆಆಫೀಸ್‌ನದ್ದು ವೆಬ್ಲೇಟ್‌ನಲ್ಲಿ. ಅಲ್ಲಿ ಬ್ರೌಸರ್‌ನಲ್ಲೇ ತಿದ್ದಬಹುದು, ಗಿಟ್ ಬೇಕಾಗಿಲ್ಲ. ಕೊಡುಗೆ ಹೇಗೆ ಕೊಡಬೇಕು ಅಂತ ಹೇಳುವ, ನಿಮ್ಮ ಯೋಜನೆಯ ‘ಕಾಂಟ್ರಿಬ್ಯೂಟಿಂಗ್’ ಫೈಲ್ ಒಮ್ಮೆ ಓದಿ.

ಇನ್ನೊಂದು. ಬೇರೆ ಕಡೆಯೂ ಇದೇ ತಪ್ಪು ಇರಬಹುದು ಅಂತ ‘ಅಳಿಸು’ ಇರುವಲ್ಲೆಲ್ಲ ಒಟ್ಟಿಗೆ ಬದಲಿಸಬೇಡಿ. ನಿಜವಾಗಿ ಅಳಿಸುವ ಬಟನ್ ಮೇಲೆ ‘ಉಳಿಸು’ ಅಂತ ಬಂದರೆ ಜನರ ಲೆಕ್ಕವೇ ಹೋಗುತ್ತದೆ. ಒಂದೊಂದನ್ನೂ ಮೂಲ ಇಂಗ್ಲಿಷ್ ಸಾಲಿನ ಜೊತೆ ಇಟ್ಟು ನೋಡಿ. ಆ ಸಾಲಿನ ಮೇಲೆ ‘ಫಝಿ’ (ಅನುವಾದ ಇನ್ನೂ ಖಚಿತವಲ್ಲ) ಎಂಬ ಗುರುತು ಇದ್ದರೆ ಅದನ್ನೂ ತೆಗೆಯಬೇಕು. ಇಲ್ಲದಿದ್ದರೆ ನೀವು ತಿದ್ದಿದ್ದು ಸಾಮಾನ್ಯವಾಗಿ ಸಾಫ್ಟ್‌ವೇರ್‌ನೊಳಗೆ ಸೇರುವುದೇ ಇಲ್ಲ, ಇಂಗ್ಲಿಷ್ ಪದವೇ ಕಾಣುತ್ತದೆ.

ತುಂಗಾತೀರ:
ಆಯಿತು! ಬ್ರೌಸರ್ ಕಿಟಕಿ ಬಂತು, ಟೋಕನ್ ಬೇಕಾಗಲಿಲ್ಲ. ಈಗ ಒಂದು ಸಾಲು ಹೋಗಿದೆ, ಒಂದು ಸಾಲು ಬಂದಿದೆ, ಅಷ್ಟೇ. ಫಝಿ ಗುರುತು ಇರಲಿಲ್ಲ. ‘ಕಾಂಟ್ರಿಬ್ಯೂಟಿಂಗ್’ ಓದಿದೆ, ಇಲ್ಲಿ ಪುಲ್ ರಿಕ್ವೆಸ್ಟೇ ಕಳಿಸಬೇಕಂತೆ. ಸಾಲುಗಳ ಕೊನೆ ಯಾಕೆ ಬದಲಾಗಿತ್ತು ಅಂತ ಪರಿಶೀಲಿಸುವವರಿಗೂ ಎರಡು ಮಾತು ಬರೆದೆ.

ಆದರೆ ಪುಲ್ ರಿಕ್ವೆಸ್ಟ್ ಮೇಲೆ ತಾನಾಗಿ ನಡೆಯಬೇಕಾದ ಪರೀಕ್ಷೆಗಳು ಓಡುತ್ತಿಲ್ಲ. ಅನುಮತಿಗೆ ಕಾಯುತ್ತಿದೆ ಅಂತ ಬರುತ್ತಿದೆ. ಮತ್ತೇನಾದರೂ ತಪ್ಪಾಯಿತೇ?

ಹಳೇಟರ್ಮಿನಲ್:
ಇಲ್ಲ. ಮೊದಲ ಸಲ ಕೊಡುಗೆ ಕೊಡುವವರ ಪುಲ್ ರಿಕ್ವೆಸ್ಟ್‌ಗೆ ಯೋಜನೆಯವರು ಒಪ್ಪಿಗೆ ಕೊಟ್ಟ ಮೇಲೇ ಗಿಟ್‌ಹಬ್ ಆ ಪರೀಕ್ಷೆಗಳನ್ನು ಓಡಿಸುತ್ತದೆ. ನಿಮ್ಮ ಕಡೆ ಕೆಲಸ ಮುಗಿದಿದೆ. ಒಂದು ವಾರ ಕಾಯಿರಿ. ಆಗಲೂ ಉತ್ತರ ಬರದಿದ್ದರೆ ಅಲ್ಲೇ ಕೆಳಗೆ ಒಮ್ಮೆ ನೆನಪಿಸಿ, ಅದರಲ್ಲಿ ಸಂಕೋಚ ಬೇಡ. ಅಪ್ಪ ಆ ಬಟನ್ ಒತ್ತಲು ಹೆದರುತ್ತಾರೆ ಅನ್ನುವುದನ್ನೂ ಬರೆಯಿರಿ. ಅದು ಅವರಿಗೆ ಗೊತ್ತಾಗಬೇಕು.