ಮೋಸದ ಪರ್ಸೆಂಟ್ ಲೆಕ್ಕ ನಂಬಬಹುದಾ?

ಸಪ್ತಾಪುರ, ಧಾರವಾಡ: ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸುದ್ದಿ ಸುತ್ತುತ್ತಿದೆ. ಮದುವೆಯಾದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಂಗಾತಿಗೆ ಮೋಸ ಮಾಡಿದ್ದಾರಂತೆ, ಯಾವುದೋ ಡೇಟಿಂಗ್ ಆ್ಯಪ್ ಸರ್ವೆ ಮಾಡಿಸಿದೆಯಂತೆ. ದೀಪಾವಳಿ ಆದಮೇಲೆ ನನ್ನ ಮದುವೆ, ಗೆಳೆಯರು ಇದನ್ನೇ ಹಿಡಿದುಕೊಂಡು ಕಾಡಿಸುತ್ತಿದ್ದಾರೆ. ನಗುತ್ತೇನೆ, ಆದರೂ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿದೆ. ಸರಿಯಾದ ಸಂಶೋಧನೆ ಏನಾದರೂ ಇದೆಯಾ? ಒಮ್ಮೆ ಮಾಡಿದವರು ಮತ್ತೆ ಮಾಡೇ ಮಾಡ್ತಾರೆ ಅನ್ನೋದು ನಿಜಾನಾ?

ವಿದ್ಯಾನಗರ, ಹುಬ್ಬಳ್ಳಿ: ಸರ್ವೆ ಮಾಡಿಸಿದವರು ಯಾರು, ಅದನ್ನು ನೋಡಿ ಮೊದಲು. ಮಿರ್ಚಿ ಅಂಗಡಿ ಮುಂದೆ ನಿಂತು ಮಿರ್ಚಿ ಇಷ್ಟಾನಾ ಅಂತ ಕೇಳಿದ ಹಾಗಾಯಿತು. ಅಮೆರಿಕದಲ್ಲಿ ಜನರಲ್ ಸೋಶಿಯಲ್ ಸರ್ವೆ ಅಂತ 1972ರಿಂದ ನಡೆಯುತ್ತಿದೆ, ದೇಶದ ಎಲ್ಲ ಬಗೆಯ ಜನರನ್ನೂ ಆರಿಸಿ ಕೇಳುತ್ತಾರೆ. ಮದುವೆಯಾದ ಮೇಲೆ ಯಾವಾಗಲಾದರೂ ಬೇರೆಯವರ ಜೊತೆ ಮಲಗಿದ್ದೇವೆ ಎಂದವರು ಅಲ್ಲಿ ಗಂಡಸರಲ್ಲಿ ಶೇ. 20ರ ಆಸುಪಾಸು, ಹೆಂಗಸರಲ್ಲಿ ಶೇ. 13. ಇಡೀ ಜೀವಮಾನದ ಲೆಕ್ಕ ಇದು.

ಹಾವೇರಿ: ಅದನ್ನೂ ಕಣ್ಣು ಮುಚ್ಚಿ ನಂಬಬೇಡಿ. ಮನೆ ಮನೆ ಸರ್ವೆಗೆ ನಮ್ಮ ಕಡೆ ಹಳ್ಳಿಗಳಲ್ಲಿ ತಿರುಗಿದವಳು ನಾನು. ಎಷ್ಟು ಮಕ್ಕಳು, ಆಪರೇಷನ್ ಆಗಿದೆಯಾ, ಇಷ್ಟೇ ಪ್ರಶ್ನೆ. ಅಷ್ಟಕ್ಕೇ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಾ ಕೂತ ಅತ್ತೆಯ ಕೈ ನಿಲ್ಲುತ್ತದೆ, ಸೊಸೆ ಒಮ್ಮೆ ಅವಳ ಮುಖ ನೋಡಿ ಆಮೇಲೆ ಬಾಯಿ ಬಿಡುತ್ತಾಳೆ. ಇನ್ನು ಈ ಪ್ರಶ್ನೆಗೆ ಯಾರು ಹೌದು ಅಂತಾರೆ? ವಿಸ್ಮನ್, ಸ್ನೈಡರ್ ಅನ್ನುವ ಇಬ್ಬರು ಸಂಶೋಧಕರು 2007ರಲ್ಲಿ ಇದನ್ನೇ ತೋರಿಸಿದರು. ಕಳೆದ ಒಂದು ವರ್ಷದಲ್ಲಿ ಗಂಡನಲ್ಲದೆ ಬೇರೆಯವರ ಜೊತೆ ಸಂಬಂಧ ಇತ್ತಾ ಅಂತ ಅಮೆರಿಕದ ಹೆಂಗಸರನ್ನು ಎದುರು ಕೂತು ಕೇಳಿದಾಗ ಹೌದು ಎಂದವರು ಶೇ. 1. ಅದೇ ಹೆಂಗಸರು ಯಾರಿಗೂ ಹೇಳದೆ ಕಂಪ್ಯೂಟರಿನಲ್ಲಿ ತಾವೇ ಉತ್ತರ ಒತ್ತಿದಾಗ ಶೇ. 6!

ಗದಗ: ಎರಡನೇ ಪ್ರಶ್ನೆಗೆ. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದವರು 484 ಜನರನ್ನು ಒಂದು ಸಂಬಂಧದಿಂದ ಇನ್ನೊಂದಕ್ಕೆ ಹೋಗುವವರೆಗೂ ಗಮನಿಸಿ 2017ರಲ್ಲಿ ಬರೆದಿದ್ದಾರೆ. ಮೊದಲ ಸಂಬಂಧದಲ್ಲಿ ಮೋಸ ಮಾಡಿದವರು ಮುಂದಿನದರಲ್ಲೂ ಮಾಡುವ ಸಾಧ್ಯತೆ ಉಳಿದವರಿಗಿಂತ ಮೂರು ಪಟ್ಟು. ಜಾಸ್ತಿ ಹೌದು. ಆದರೆ ಮಾಡೇ ಮಾಡ್ತಾರೆ ಅಂತಲ್ಲ. ಮೇಲಾಗಿ ಅವರು ಅಧ್ಯಯನಕ್ಕೆ ಸೇರಿದಾಗ ಮದುವೆಯಾಗಿರದ ಹುಡುಗ ಹುಡುಗಿಯರು, ಗಂಡ ಹೆಂಡಿರ ಲೆಕ್ಕ ಅಲ್ಲ.

ಸಪ್ತಾಪುರ, ಧಾರವಾಡ: ಥ್ಯಾಂಕ್ಸ್. ಈಗ ಆ ಸುದ್ದಿ ಮತ್ತೆ ತೆಗೆದು ನೋಡಿದೆ. ಹಳೆಯ ಗೆಳತಿ ಜೊತೆ ಚಾಟ್ ಮಾಡಿದ್ದನ್ನೂ ಮೋಸದ ಲೆಕ್ಕಕ್ಕೇ ಹಾಕಿದ್ದಾರೆ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದೆ.

ವಿದ್ಯಾನಗರ, ಹುಬ್ಬಳ್ಳಿ: ಹಂಗಾದ್ರೆ ಕಾಡಿಸುತ್ತಿರುವ ನಿಮ್ಮ ಗೆಳೆಯರೇ ಮೊದಲು ಲೆಕ್ಕಕ್ಕೆ ಬಂದರು ಬಿಡಿ.