ಸಹಾಯ ಬೇಕು: ಬಾಯಿಮಾತಿನ ಆದೇಶವನ್ನು ಕಡತಕ್ಕೆ ಹಾಕುವುದು ಹೇಗೆ?

ನಮಸ್ಕಾರ. ನಾನು ಸರ್ಕಾರಿ ಕಿರಿಯ ಎಂಜಿನಿಯರ್. ಒಂದು ಕಾಂಕ್ರೀಟ್ ರಸ್ತೆಯ ಬಿಲ್ ನನ್ನ ಮೇಜಿನ ಮೇಲಿದೆ. ಅಂದಾಜುಪಟ್ಟಿಯಲ್ಲಿ 6 ಇಂಚು ದಪ್ಪ. ನಾನೇ ನಿಂತು ಮೂರು ಕಡೆ ಅಗೆಸಿ ನೋಡಿದೆ, ಎಲ್ಲೂ 4 ಇಂಚು ದಾಟಿಲ್ಲ. ಅಳತೆ ಪುಸ್ತಕದಲ್ಲಿ ಮಾತ್ರ 6 ಅಂತ ಬರೆಯಬೇಕಂತೆ.

ಸ್ಥಳೀಯ ನಾಯಕರೊಬ್ಬರು ದಿನಾ ಫೋನ್ ಮಾಡಿ ವರ್ಗಾವಣೆಯ ಮಾತೆತ್ತುತ್ತಾರೆ. ಮೇಲಧಿಕಾರಿ "ಸುಮ್ನೆ ಸಹಿ ಹಾಕಿಬಿಡಿ" ಅನ್ನುತ್ತಾರೆ, ಬರೆದು ಕೊಡಿ ಅಂದರೆ ಮೌನ. ಮಗಳು ಎಸ್ಸೆಸ್ಸೆಲ್ಸಿ. ಈಗ ಊರು ಬಿಡುವುದು ಕಷ್ಟ. ಆದರೂ ಆ ಸಹಿ ನನ್ನ ಕೈಯಲ್ಲಿ ಆಗುವುದಿಲ್ಲ. ಅದೇ ರಸ್ತೆಯಲ್ಲಿ ಮಕ್ಕಳು ಶಾಲೆಗೆ ಹೋಗುತ್ತಾರೆ.

2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಧಿಕಾರಿಗಳು ಬಾಯಿಮಾತಿನ ಸೂಚನೆಯ ಮೇಲೆ ನಡೆಯಬಾರದು, ಅದನ್ನು ದಾಖಲಿಸಬೇಕು ಎಂದಿದೆ. ಓದಿ ಧೈರ್ಯ ಬಂತು.

ಟಿಪ್ಪಣಿ ಬರೆದು ಅನುಭವ ಇರುವವರು ಹೇಳಿ. ನಾಯಕರ ಫೋನ್ ಕರೆಯನ್ನೂ ಹೆಸರು, ದಿನಾಂಕ ಸಮೇತ ಕಡತದಲ್ಲಿ ಬರೆಯಬಹುದಾ? ಅಗೆದ ಜಾಗದ ಫೋಟೋ ಸಾಕಾ, ಪಂಚನಾಮೆ ಬೇಕಾ? ಅವಧಿಗೆ ಮೊದಲೇ ವರ್ಗಾವಣೆಯಾಗಿ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋದವರು ಯಾರಾದರೂ ಇದ್ದೀರಾ? ಶುಕ್ರವಾರ ಕಡತ ವಾಪಸ್ ಕೊಡಬೇಕು. ದಯವಿಟ್ಟು ಅಷ್ಟರೊಳಗೆ ತಿಳಿಸಿ.